ಕಾದು ನಿಂತವನ ಹೊತ್ತಿಗೂ ಬೆಲೆಯುಂಟು



ಕಾಲವನ್ನು ಪರಶಿವನ ಸ್ವರೂಪವೆಂದು ತಿಳಿದು, ಆತನನ್ನು ಮಹಾಕಾಲನೆಂದು ಪೂಜಿಸುವ ಪರಂಪರೆ ನಮ್ಮದು. ಹಗಲಿಗೆ ಮೂವತ್ತು ಘಳಿಗೆ, ಇರುಳಿಗೆ ಮೂವತ್ತು ಘಳಿಗೆ. ಈ ಅರವತ್ತು ಘಳಿಗೆಗಳನ್ನು ಹಂಚುವಾಗ ಭಗವಂತನು ಅರಸನಿಗೊಂದು ಅಳತೆ, ಆಳಿಗೊಂದು ಅಳತೆ ಎಂದು ಭೇದ ಮಾಡಲಿಲ್ಲ. ಹೊಲ, ಮನೆ, ಒಡವೆ, ವಿದ್ಯೆ ಇವೆಲ್ಲ ಒಬ್ಬರಿಗೆ ಹೆಚ್ಚು, ಒಬ್ಬರಿಗೆ ಕಡಿಮೆ. ಎಲ್ಲರಿಗೂ ಸರಿಸಮನಾಗಿ ಸಿಕ್ಕಿರುವ ಸಂಪತ್ತು ಒಂದೇ, ಅದು ಹೊತ್ತು. ಒಬ್ಬರ ಹಣವನ್ನು ಕಿತ್ತುಕೊಂಡವನು ಪಶ್ಚಾತ್ತಾಪಪಟ್ಟು ಹಿಂದಿರುಗಿಸಬಹುದು. ಒಬ್ಬರ ಒಂದು ದಿನವನ್ನು ಹಾಳು ಮಾಡಿದವನು ಯಾವ ಖಜಾನೆಯಿಂದ ತಂದು ಹಿಂದಿರುಗಿಸಿಯಾನು? ಆದುದರಿಂದಲೇ ಹೊತ್ತಿಗೆ ಸರಿಯಾಗಿ ಕೆಲಸಕ್ಕೆ ಬರುವುದು, ಕೈಗೆ ಬಂದ ಕೆಲಸವನ್ನು ಮುಗಿಸಿ ಏಳುವುದು ಬರಿಯ ಕಚೇರಿಯ ನಿಯಮವಲ್ಲ, ಅದು ಧರ್ಮದ ವಿಷಯ. ಈ ವಾರ ಆ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ನಮ್ಮ ಮನಸ್ಸು ಬಯಸಿದೆ.

ಹಳ್ಳಿಯವರಿಗೆ ಸಮಯಪ್ರಜ್ಞೆ ಇಲ್ಲವೆಂದು ಪಟ್ಟಣದ ಓದಿದವರು ಕೆಲವರು ಹೇಳುವುದುಂಟು. ಈ ಮಾತನ್ನು ನಾವು ಒಪ್ಪುವುದಿಲ್ಲ. ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆ ಹೋಬಳಿಯ ಯಾವುದಾದರೂ ಹಳ್ಳಿಗೆ ಬೆಳಗಿನ ಜಾವ ಹೋಗಿ ನೋಡಿರಿ. ಹಾಲಿನ ಡೇರಿಯ ಮುಂದೆ ಕ್ಯಾನು, ಚೊಂಬು ಹಿಡಿದು ತಾಯಂದಿರು ನಿಂತಿರುತ್ತಾರೆ. ಗಾಡಿ ಬಂದು ಹೋದರೆ ಆ ಹೊತ್ತಿನ ಹಾಲು ಮನೆಯಲ್ಲೇ ಉಳಿಯಿತು. ಹಸುವಿಗೆ ಭಾನುವಾರವಿಲ್ಲ, ಎರಡನೆಯ ಶನಿವಾರವಿಲ್ಲ. ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ಕರೆಯಲೇಬೇಕು, ಅಳೆಯಲೇಬೇಕು.

ಇನ್ನು ರೇಷ್ಮೆ ಸಾಕುವವರ ಮನೆಯನ್ನು ನೋಡಿರಿ. ನಾಲ್ಕನೆಯ ಜ್ವರ ಕಳೆದು ಎದ್ದ ಹುಳು ಹಗಲಿರುಳೆನ್ನದೆ ಸೊಪ್ಪು ಬೇಡುತ್ತದೆ. ಹುಳು ಹಣ್ಣಾದ ದಿನ ಮನೆಮಂದಿಯೆಲ್ಲ ಊಟ ಮರೆತು ಅವನ್ನು ಆಯ್ದು ಚಂದ್ರಂಕಿಗೆ ಬಿಡುತ್ತಾರೆ. ಆ ದಿನ ‘ನಾಳೆ ಬಿಟ್ಟರಾಯಿತು’ ಎಂದವನ ಹುಳು ಸೊಪ್ಪಿನ ಮೇಲೆಯೇ ನೂಲು ಸುತ್ತಿ ಕೆಡುತ್ತದೆ. ತಿಂಗಳ ದುಡಿಮೆ ಒಂದು ಹಗಲಿನ ಸೋಮಾರಿತನಕ್ಕೆ ಬಲಿ. ರಾಗಿಯ ಮಾತೂ ಹಾಗೆಯೇ. ಹದ ಇದ್ದಾಗ ಬಿತ್ತಬೇಕು, ಹದ ತಪ್ಪಿದ ಮೇಲೆ ಬಿತ್ತಿದರೆ ಭೂತಾಯಿಯಾದರೂ ಏನು ಮಾಡಿಯಾಳು? ಗಡಿಯಾರ ಕಟ್ಟದ ರೈತನು ಗಡಿಯಾರ ಕಟ್ಟಿದವನಿಗಿಂತ ಹೆಚ್ಚಾಗಿ ಹೊತ್ತಿನ ಅಂಕೆಯಲ್ಲಿದ್ದಾನೆ.

ಇದೇ ಸೀಮೆಯ ಇನ್ನೊಂದು ಹೊತ್ತಿನ ಕಥೆ ಕೋಲಾರ ಚಿನ್ನದ ಗಣಿಯದು. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿಯವರು ಅಲ್ಲಿ ಕೆಲಸ ಕೈಗೆತ್ತಿಕೊಂಡಂದಿನಿಂದ 2001ರ ಫೆಬ್ರವರಿ 28ರಂದು ಗಣಿ ಮುಚ್ಚುವವರೆಗೆ, ನೂರಿಪ್ಪತ್ತು ವರ್ಷ ಆ ಊರು ಪಾಳಿಯ ಲೆಕ್ಕದಲ್ಲಿ ಉಸಿರಾಡಿತು. ಸೈರನ್ ಕೂಗಿದಾಗ ಒಲೆ ಹೊತ್ತುತ್ತಿತ್ತು, ಸೈರನ್ ಕೂಗಿದಾಗ ಬುತ್ತಿ ಕಟ್ಟುತ್ತಿದ್ದರು. ಚಾಂಪಿಯನ್ ರೀಫ್ ಗಣಿಯ ಆಳ ಮೂರು ಕಿಲೋಮೀಟರಿಗೂ ಮಿಗಿಲು. ಅಷ್ಟು ಆಳದ ಬಿಸಿಯಲ್ಲಿ ದುಡಿದವನು ಮೇಲೆ ಬರಬೇಕಾದರೆ ಮುಂದಿನ ಪಾಳಿಯವನು ಹೊತ್ತಿಗೆ ಸರಿಯಾಗಿ ಇಳಿಯಬೇಕು. ಸಿಡಿಮದ್ದು ಸಿಡಿಸುವುದಕ್ಕೂ, ಜನರು ದೂರ ಸರಿಯುವುದಕ್ಕೂ, ಇಳಿದವರ ಲೆಕ್ಕ ಏರಿ ಬಂದವರ ಲೆಕ್ಕ ತಾಳೆಯಾಗುವುದಕ್ಕೂ ಹೊತ್ತೇ ಆಧಾರ. ಆ ಶಿಸ್ತು ಬಲು ಕಠಿಣವಾದದ್ದು. ಪರದೇಶದ ಒಡೆಯರ ಲಾಭಕ್ಕಾಗಿ ಬಡವರ ಮೈಮೇಲೆ ಹೇರಿದ್ದು. ಕಲ್ಲಿನ ಧೂಳು ಕುಡಿದು ಎದೆಯ ಬೇನೆಯಿಂದ ನವೆದವರು ಎಷ್ಟೋ ಮಂದಿ. ಅದನ್ನು ನಾವು ಹೊಗಳುತ್ತಿಲ್ಲ. ಆದರೆ ಆ ಕಾರ್ಮಿಕರು ತಮ್ಮೊಳಗೇ ಅರಿತಿದ್ದ ಒಂದು ಧರ್ಮವನ್ನು ಮಾತ್ರ ನೆನೆಯಬೇಕು. ನಾನು ತಡಮಾಡಿದರೆ ಕತ್ತಲೆಯಲ್ಲಿ ನನಗಾಗಿ ಕಾಯುವವನು ನನ್ನಂಥವನೇ ಒಬ್ಬನು ಎಂಬ ಅರಿವು ಅದು.

ಗಣಿ ಮುಚ್ಚಿದ ಮೇಲೆ ಆ ಮನೆಗಳ ಮಕ್ಕಳು ನಸುಕಿನಲ್ಲಿ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ಮಾರಿಕುಪ್ಪಂನಲ್ಲಿ ಹೊರಟ ಗಾಡಿ ಬಂಗಾರಪೇಟೆ ದಾಟುವ ಹೊತ್ತಿಗೆ ಕಾಲಿಡಲು ಜಾಗವಿರುವುದಿಲ್ಲ. ಕತ್ತಲಲ್ಲಿ ಹೋಗಿ ಕತ್ತಲಲ್ಲಿ ಬರುವ ಈ ಮಕ್ಕಳಿಗೆ ಐದು ನಿಮಿಷದ ಬೆಲೆ ಏನೆಂದು ನಾವು ಹೇಳಿಕೊಡಬೇಕಾಗಿಲ್ಲ.

ಹಾಗಾದರೆ ಹೊತ್ತು ಸಡಿಲವಾಗುವುದೆಲ್ಲಿ? ಹೊಲದಲ್ಲಿ ಬಿಗಿ, ಡೇರಿಯಲ್ಲಿ ಬಿಗಿ, ಗಣಿಯಲ್ಲಿ ಬಿಗಿ, ರೈಲಿನಲ್ಲಿ ಬಿಗಿ ಇದ್ದ ಹೊತ್ತು ಮೇಜು ಕುರ್ಚಿಗಳ ಮುಂದೆ ಬಂದು ನಿಂತಾಗ ಸಡಿಲವಾಗುತ್ತದೆ. ಅಲ್ಲಿ ತಡಮಾಡಿದವನಿಗೆ ನಷ್ಟವಿಲ್ಲ, ನಷ್ಟವೆಲ್ಲ ಕಾದು ನಿಂತವನಿಗೆ. ಮೂಲ ದೋಷ ಇರುವುದು ಇಲ್ಲಿಯೇ.

ಕೆಲವು ವರ್ಷಗಳ ಹಿಂದೆ ನಾವು ಈ ಸೀಮೆಯಲ್ಲಿ ಸಂಚಾರದಲ್ಲಿದ್ದಾಗ ಒಬ್ಬ ವೃದ್ಧರು ಪಾದಪೂಜೆ ಮುಗಿದು ಎಲ್ಲರೂ ಪ್ರಸಾದಕ್ಕೆ ಎದ್ದ ಮೇಲೂ ಕುಳಿತೇ ಇದ್ದರು. ಕಂಕುಳಲ್ಲಿ ಕಾಗದಪತ್ರಗಳ ಚೀಲ. ತಂದೆ ತೀರಿಕೊಂಡ ಮೇಲೆ ಪೌತಿ ಖಾತೆ ಮಾಡಿಸಿಕೊಳ್ಳಲು ಒಂದು ಕಚೇರಿಗೆ ಅಲೆಯುತ್ತಿದ್ದರು. ಏನಾಯಿತೆಂದು ನಾವು ಕೇಳಿದೆವು.

“ಏಳು ಸಲ ಹೋಗಿ ಬಂದಿವ್ನಿ ಬುದ್ಧಿ. ಒಂದ್ಸಲ ಸಾಹೇಬ್ರು ಮೀಟಿಂಗು ಅಂದ್ರು, ಒಂದ್ಸಲ ಸರ್ವರ್ ಇಲ್ಲ ಅಂದ್ರು, ಒಂದ್ಸಲ ಊಟಕ್ಕೆ ಹೋಗವ್ರೆ ಅಂದ್ರು. ಆಗಲ್ಲ ಅಂತ ಯಾರೂ ಅನ್ನಲಿಲ್ಲ. ನಾಳೆ ಬಾ ಅಂತಾರೆ. ಹಿಂದೆ ದೆವ್ವ ಬರಬಾರ್ದು ಅಂತ ಬಾಗಿಲ ಮ್ಯಾಲೆ ಬರೀತಿದ್ವಲ್ಲ ಬುದ್ಧಿ, ಅದನ್ನೇ ನಂಗೆ ಹೇಳ್ತವ್ರೆ” ಎಂದರು.

ಹಿರಿಯರಾದ ನಿಮಗೆ ನೆನಪಿದ್ದೀತು. 1990ರ ದಶಕದಲ್ಲಿ ನಮ್ಮ ಹಳ್ಳಿಗಳಲ್ಲೂ, ಬೆಂಗಳೂರಿನ ಸುತ್ತಮುತ್ತಲೂ ಮನೆಯ ಬಾಗಿಲುಗಳ ಮೇಲೆ ‘ನಾಳೆ ಬಾ’ ಎಂದು ಸುಣ್ಣದಲ್ಲಿ, ಸೀಮೆಸುಣ್ಣದಲ್ಲಿ ಬರೆಯುತ್ತಿದ್ದರು. ರಾತ್ರಿ ಬಂದು ಬಾಗಿಲು ತಟ್ಟುವ ದೆವ್ವವು ಅದನ್ನು ಓದಿಕೊಂಡು ಹಿಂದಿರುಗಿ ಮರುದಿನ ಬರುತ್ತದೆ, ಮತ್ತೆ ಓದಿಕೊಂಡು ಹಿಂದಿರುಗುತ್ತದೆ ಎಂಬುದು ನಂಬಿಕೆ. ಆ ನಂಬಿಕೆ ಮೂಢವೋ ಅಲ್ಲವೋ, ಆ ಚರ್ಚೆ ಈಗ ಬೇಡ. ದೆವ್ವವನ್ನು ಓಡಿಸಲು ಬರೆದ ಮಾತನ್ನು ಮನುಷ್ಯನ ಮುಖದ ಮೇಲೆ ಆಡಬಹುದೇ? ಆ ಅಜ್ಜನ ಮಾತಿನಲ್ಲಿ ಸಿಟ್ಟಿರಲಿಲ್ಲ. ಅದನ್ನು ಕೇಳಿ ನಮ್ಮ ಮನಸ್ಸು ನೊಂದಿತು.

ಆ ಏಳು ದಿನಗಳ ಲೆಕ್ಕವನ್ನು ಅವರೇ ಬಿಡಿಸಿ ಹೇಳಿದರು. ಏಳು ಸಲದ ಬಸ್ ಚಾರ್ಜು. ಏಳು ದಿನದ ಕೂಲಿ. ಜೊತೆಗೆ ಬಂದ ಮಗನ ಏಳು ದಿನದ ಕೂಲಿ. ಇಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಪಹಣಿಯಲ್ಲಿ ಹೆಸರಿಲ್ಲದ ಕಾರಣ ಬಿತ್ತನೆಯ ಕಾಲಕ್ಕೆ ಸೊಸೈಟಿಯಲ್ಲಿ ಬೆಳೆಸಾಲ ಸಿಗಲಿಲ್ಲ. ಊರಿನಲ್ಲಿ ಬಡ್ಡಿಗೆ ಕೈಸಾಲ ತಂದರು. ಕಚೇರಿಯಲ್ಲಿ ಒಬ್ಬರು ಒಂದು ಕಾಗದವನ್ನು ಈ ಬದಿಯಿಂದ ಆ ಬದಿಗೆ ಸರಿಸಲಿಲ್ಲ, ಅದಕ್ಕೆ ಇಲ್ಲಿ ಒಂದು ಕುಟುಂಬ ವರ್ಷಪೂರ್ತಿ ಬಡ್ಡಿ ಕಟ್ಟಿತು. ಕಾಗದ ಸರಿಸದವರಿಗೆ ಈ ಬಡ್ಡಿಯ ಸುದ್ದಿ ತಿಳಿದಿರಲಾರದು. ತಿಳಿದಿದ್ದರೆ ಹಾಗೆ ಮಾಡುತ್ತಿರಲಿಲ್ಲವೆಂದೇ ನಾವು ನಂಬುತ್ತೇವೆ. ತಿಳಿಯದೇ ಇರುವುದು ಸಹ ಒಂದು ದೋಷವೇ.

ವೀರಶೈವ ಧರ್ಮಕ್ಕೆ ಅಷ್ಟಾವರಣವು ಅಂಗ, ಪಂಚಾಚಾರವು ಪ್ರಾಣ, ಷಟ್‌ಸ್ಥಲವು ಆತ್ಮ ಎಂದು ನಮ್ಮ ಪೂರ್ವಾಚಾರ್ಯರು ಹೇಳಿದ್ದಾರೆ. ಪ್ರಾಣವಾದ ಪಂಚಾಚಾರಗಳಲ್ಲಿ ಲಿಂಗಾಚಾರ, ಶಿವಾಚಾರ, ಗಣಾಚಾರಗಳ ಜೊತೆಗೆ ಸದಾಚಾರ, ಭೃತ್ಯಾಚಾರಗಳೆಂಬ ಎರಡಿವೆ. ಸತ್ಯಶುದ್ಧವಾದ ದುಡಿಮೆಯಿಂದ ಜೀವನ ನಡೆಸುವುದು ಸದಾಚಾರ. ಎಲ್ಲರಿಗೂ ನಾನು ಸೇವಕನೆಂಬ ವಿನಯದಿಂದ ನಡೆಯುವುದು ಭೃತ್ಯಾಚಾರ. ಭೃತ್ಯನೆಂದರೆ ಸೇವಕ. ಸರಕಾರಿ ನೌಕರನನ್ನು ನಾವು ಇಂದು ಕರೆಯುವುದೂ ಸಾರ್ವಜನಿಕ ಸೇವಕನೆಂದೇ. ಸಂಬಳ ಪಡೆದು ಕೆಲಸ ಮಾಡದಿದ್ದರೆ ಸದಾಚಾರ ಕೆಟ್ಟಿತು. ಕೆಲಸ ಮಾಡಿಯೂ ಬಂದವನನ್ನು ಗದರಿಸಿದರೆ ಭೃತ್ಯಾಚಾರ ಕೆಟ್ಟಿತು. ಪ್ರಾಣ ಹೋದ ಮೇಲೆ ಹಣೆಯ ವಿಭೂತಿಯೊಂದು ಶರೀರವನ್ನು ಉಳಿಸಬಲ್ಲುದೇ?

ಕಲ್ಯಾಣದ ಶರಣರ ಚರಿತ್ರೆಯಲ್ಲಿ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳ ಪ್ರಸಂಗವನ್ನು ನೀವೆಲ್ಲ ಕೇಳಿದ್ದೀರಿ. ಈಗಿನ ರಾಯಚೂರು ಜಿಲ್ಲೆಯ ಲಿಂಗಸುಗೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದವರು. ನೆಲಕ್ಕೆ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಅದರಲ್ಲಿ ದಾಸೋಹ ನಡೆಸುವುದು ಅವರ ಕಾಯಕ. ಒಂದು ದಿನ ಮಾರಯ್ಯನವರು ಅನುಭಾವದ ಮಾತುಕತೆಯಲ್ಲಿ ಮೈಮರೆತು ಕುಳಿತರು. ಆಡುತ್ತಿದ್ದದ್ದು ಹರಟೆಯಲ್ಲ, ಶಿವತತ್ತ್ವದ ಮಾತು. ಆದರೂ ಲಕ್ಕಮ್ಮನವರು ಕಾಯಕದ ಹೊತ್ತು ಮೀರುತ್ತಿದೆಯೆಂದು ಎಚ್ಚರಿಸಿ ಅವರನ್ನು ಎಬ್ಬಿಸಿದರು. ಮುಂದೆ ಮಾರಯ್ಯನವರು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಆ ತಾಯಿ, ಇಷ್ಟೇಕೆ ತಂದಿರಿ, ಹೆಚ್ಚಿನದು ನಮ್ಮದಲ್ಲ ಎಂದು ಹಿಂದಕ್ಕೆ ಕಳುಹಿಸಿದರು.

ಈ ಪ್ರಸಂಗದಲ್ಲಿ ಎರಡು ಪಾಠಗಳಿವೆ. ಒಂದನೆಯದು, ಒಳ್ಳೆಯ ಮಾತುಕತೆ ಕೂಡ ಕೈಯಲ್ಲಿರುವ ಕಾಯಕಕ್ಕೆ ಅಡ್ಡಿಯಾಗಬಾರದು. ಶಿವಾನುಭವಕ್ಕೇ ಆ ವಿನಾಯಿತಿ ಇಲ್ಲದಿರುವಾಗ ಕ್ರಿಕೆಟ್ಟಿಗೆ, ರಾಜಕೀಯಕ್ಕೆ, ಕೈಯಲ್ಲಿರುವ ಮೊಬೈಲಿಗೆ ಇರುವುದೇ? ಎರಡನೆಯದು, ಮೊದಲು ತಡಮಾಡಿ ಆಮೇಲೆ ಅತಿಯಾಗಿ ಬಾಚಿಕೊಳ್ಳುವುದು ಕಾಯಕವಲ್ಲ. ಹಗಲೆಲ್ಲ ಕಾಲಹರಣ ಮಾಡಿ ರಾತ್ರಿ ಎಂಟರವರೆಗೆ ಕಚೇರಿಯಲ್ಲಿ ದೀಪ ಉರಿಸಿ ಕುಳಿತವರನ್ನು ‘ಬಲು ದುಡಿಮೆಗಾರ’ ಎಂದು ಹೊಗಳುವ ರೂಢಿಯೊಂದು ಈಗ ಬಂದಿದೆ. ಹೊತ್ತಿನೊಳಗೆ ಮುಗಿಸಿ ಸಂಜೆ ಮನೆಗೆ ಹೋಗಿ ಹೆಂಡತಿ ಮಕ್ಕಳ ಮುಖ ನೋಡುವವನೇ ನಿಜವಾದ ಕಾಯಕಜೀವಿ. ತಡವಾಗಿಸಿದ ಕೆಲಸವನ್ನು ಮಾಡಿಕೊಡಲು ‘ಮಾಮೂಲು’ ಬೇಡುವವನಿಗಂತೂ ಲಕ್ಕಮ್ಮನವರ ಮಾತು ನೇರವಾಗಿಯೇ ಸಲ್ಲುತ್ತದೆ. ಆ ಹೆಚ್ಚಿನ ಅಕ್ಕಿ ಅವನದಲ್ಲ.

ನುಲಿಯ ಚಂದಯ್ಯ ಶರಣರು ಹುಲ್ಲು ಕೊಯ್ದು ಹಗ್ಗ ಹೊಸೆದು ಮಾರಿ ಜಂಗಮ ದಾಸೋಹ ಮಾಡುತ್ತಿದ್ದವರು. ಹುಲ್ಲು ಕೊಯ್ಯುವಾಗ ಕೊರಳ ಇಷ್ಟಲಿಂಗವು ಜಾರಿ ಬಿದ್ದರೂ ಅವರು ಕಾಯಕವನ್ನು ನಿಲ್ಲಿಸಲಿಲ್ಲವೆಂಬ ಪ್ರಸಂಗ ಶೂನ್ಯಸಂಪಾದನೆಯಲ್ಲಿ ಬರುತ್ತದೆ. ಮಡಿವಾಳ ಮಾಚಯ್ಯನವರು ಬಂದು ಲಿಂಗವನ್ನೂ ಬಿಡಬಾರದೆಂದು ತಿಳಿಹೇಳಿದರು. ಪೂಜೆಯನ್ನು ಅಲಕ್ಷಿಸಬೇಕೆಂದು ಈ ಕಥೆ ಹೇಳುವುದಿಲ್ಲ. ‘ನಾನು ಪೂಜೆಯಲ್ಲಿದ್ದೆ, ಅದಕ್ಕೇ ತಡವಾಯಿತು’ ಎಂಬ ಮಾತು ಶರಣರ ಮುಂದೆ ನಿಲ್ಲುವುದಿಲ್ಲವೆಂದು ಹೇಳುತ್ತದೆ. ಪೂಜೆಗೆ ಹೊತ್ತು ಬೇಕಾದರೆ ಒಂದು ತಾಸು ಮುಂಚೆ ಏಳಬೇಕು. ಕಚೇರಿಯ ಹತ್ತು ಗಂಟೆಯಿಂದ ಆ ಹೊತ್ತನ್ನು ಕಡಿದುಕೊಳ್ಳುವುದು ಸಲ್ಲದು.

ಬೆಂಗಳೂರಿನ ವಿಧಾನಸೌಧದ ನೆತ್ತಿಯ ಮೇಲೆ ‘ಸರ್ಕಾರದ ಕೆಲಸ ದೇವರ ಕೆಲಸ’ ಎಂದು ಕೆತ್ತಿರುವುದನ್ನು ನೀವು ನೋಡಿದ್ದೀರಿ. ಆ ಸೌಧವನ್ನು ಕಟ್ಟಿಸಿದ ಕೆಂಗಲ್ ಹನುಮಂತಯ್ಯನವರು 1952ರಿಂದ 1956ರವರೆಗೆ ಮುಖ್ಯಮಂತ್ರಿಗಳಾಗಿದ್ದರು. ಈ ಮಾತನ್ನು ಬಹಳ ಮಂದಿ ಹಾಸ್ಯಕ್ಕೆ ಬಳಸುತ್ತಾರೆ. ದೇವರ ಕೆಲಸವಾದ್ದರಿಂದ ದೇವರೇ ಮಾಡಿಕೊಳ್ಳಲಿ ಎಂದು ಬಿಟ್ಟಿದ್ದಾರೆ ಎಂಬ ಚಟಾಕಿಯೂ ಉಂಟು. ನಾವು ಅದನ್ನು ಬೇರೆ ಬಗೆಯಲ್ಲಿ ನೋಡುತ್ತೇವೆ. ದೇವರ ಕೆಲಸವೆಂದ ಮೇಲೆ ಅಲ್ಲಿ ದೇವರು ಯಾರು? ಗೋಡೆಗೆ ತೂಗುಹಾಕಿ ಊದುಬತ್ತಿ ಹಚ್ಚಿದ ಪಟದಲ್ಲಿರುವವನು ಮಾತ್ರವೇ? ನಮ್ಮ ಧರ್ಮದಲ್ಲಿ ಗುರು, ಲಿಂಗಗಳಷ್ಟೇ ಜಂಗಮನೂ ಪೂಜ್ಯ. ಕಪಾಟಿನ ಕಡತ ಇದ್ದಲ್ಲೇ ಇರುತ್ತದೆ. ನಡೆದು ಬಂದು ಕಿಟಕಿಯ ಮುಂದೆ ನಿಂತ ಆ ಅಜ್ಜನೇ ಅಲ್ಲಿ ಜಂಗಮ. ಮನೆಗೆ ಬಂದ ಜಂಗಮನಿಗೆ ‘ನಾಳೆ ಬನ್ನಿ’ ಎಂದು ಹೇಳಿ ಬಾಗಿಲು ಹಾಕುವ ಭಕ್ತನುಂಟೇ?

ಇಷ್ಟೆಲ್ಲ ಹೇಳಿದ ಮೇಲೆ ನೌಕರರ ಕಷ್ಟವನ್ನೂ ಹೇಳದಿದ್ದರೆ ಅನ್ಯಾಯವಾದೀತು. ಹಿಂದೆ ಶಾನುಭೋಗರ ಬಸ್ತೆಯಲ್ಲಿ ಮುಗಿಯುತ್ತಿದ್ದ ಕೆಲಸ ಇಂದು ನೂರು ಕವಲಾಗಿ ಒಡೆದಿದೆ. ಒಬ್ಬ ಗ್ರಾಮ ಆಡಳಿತ ಅಧಿಕಾರಿಯ ಮೇಲೆ ಹಲವು ಹಳ್ಳಿಗಳ ಹೊಣೆ. ಬೆಳೆ ಸಮೀಕ್ಷೆ, ಚುನಾವಣೆಯ ಪಟ್ಟಿ, ನೆರೆ ಬರಗಳ ವರದಿ, ಮೇಲಿನವರು ಕರೆದಾಗಲೆಲ್ಲ ಸಭೆ. ಹಲವಾರು ಮೊಬೈಲ್ ಆ್ಯಪ್‌ಗಳಲ್ಲಿ ಮಾಹಿತಿ ತುಂಬುವ ಹೊರೆ ಹೆಚ್ಚಿತೆಂದು, ಕೂರಲು ಕುರ್ಚಿ, ಬಳಸಲು ಕಂಪ್ಯೂಟರು ಸಹ ಸರಿಯಾಗಿಲ್ಲವೆಂದು 2024ರಲ್ಲಿ ರಾಜ್ಯದ ಗ್ರಾಮ ಆಡಳಿತ ಅಧಿಕಾರಿಗಳೇ ಮುಷ್ಕರ ಹೂಡಿದ್ದರು. ಅವರಲ್ಲಿ ಅನೇಕರು ನಮ್ಮ ನಿಮ್ಮ ಮನೆಯ ಮಕ್ಕಳೇ. ಎತ್ತಿನ ಮೇಲೆ ಹೊರಲಾರದಷ್ಟು ಹೇರಿ, ಅದು ನಡೆಯುವುದಿಲ್ಲವೆಂದು ಬಾರಿಕೋಲು ಬೀಸುವುದು ರೈತಧರ್ಮವಲ್ಲ. ಆಳುವವರು ಇದನ್ನು ಗಮನಿಸಬೇಕು. ಆದರೆ ಹೊರೆ ಎಷ್ಟೇ ಇರಲಿ, ಬಂದವನಿಗೆ ನಿಜ ಹೇಳುವುದಕ್ಕೆ ಹೊತ್ತು ಬೇಕಾಗುವುದಿಲ್ಲ. ‘ಅಜ್ಜಾ, ಈ ವಾರ ಆಗದು, ಬರುವ ಗುರುವಾರ ಬಾ, ಈ ಎರಡು ಕಾಗದ ತಾ’ ಎಂದು ಹೇಳಲು ಅರ್ಧ ನಿಮಿಷ ಸಾಕು. ಆ ಅರ್ಧ ನಿಮಿಷ ಅಜ್ಜನ ಮೂರು ದಿನವನ್ನು ಉಳಿಸುತ್ತದೆ.

ಸರಕಾರವೂ ಈ ‘ನಾಳೆ ಬಾ’ ರೋಗಕ್ಕೆ ಒಂದು ಮದ್ದನ್ನು ಮಾಡಿದೆ. ಅದು ಹಳ್ಳಿಯ ಹಿರಿಯರಲ್ಲಿ ಅನೇಕರಿಗೆ ತಿಳಿದಿಲ್ಲವಾದ್ದರಿಂದ ಇಲ್ಲಿ ಹೇಳುತ್ತೇವೆ. ನಾಗರಿಕರಿಗೆ ನಿಗದಿತ ಅವಧಿಯಲ್ಲಿ ಸೇವೆ ಸಿಗಲೇಬೇಕೆಂದು ಕರ್ನಾಟಕದಲ್ಲಿ 2011ರಲ್ಲಿ ಕಾನೂನು ಆಯಿತು. 2012ರ ಏಪ್ರಿಲ್ 2ರಿಂದ ರಾಜ್ಯದಾದ್ಯಂತ ಜಾರಿಗೆ ಬಂತು. ಅದನ್ನೇ ‘ಸಕಾಲ’ ಎನ್ನುತ್ತಾರೆ. ಈ ಕಾನೂನಿನೊಳಗೆ ಬರುವ ಪ್ರತಿಯೊಂದು ಸೇವೆಗೂ ಇಷ್ಟು ದಿನವೆಂದು ಗಡುವು ಗೊತ್ತುಮಾಡಲಾಗಿದೆ. ಅರ್ಜಿ ಕೊಟ್ಟವನಿಗೆ ಹದಿನೈದು ಅಂಕಿಗಳ ಒಂದು ಸಂಖ್ಯೆಯಿರುವ ಸ್ವೀಕೃತಿ ಚೀಟಿ ಕೊಡಬೇಕು. ಗಡುವು ಮೀರಿದರೆ, ಅಥವಾ ಸರಿಯಾದ ಕಾರಣವಿಲ್ಲದೆ ಅರ್ಜಿ ತಿರಸ್ಕಾರವಾದರೆ, ಮೇಲಿನ ಅಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದು. ತಡವಾದ ಪ್ರತಿ ದಿನಕ್ಕೆ 20 ರೂಪಾಯಿಯಂತೆ, ಒಟ್ಟು 500 ರೂಪಾಯಿ ಮೀರದಂತೆ ಅರ್ಜಿದಾರನಿಗೆ ಪರಿಹಾರ ಕೊಡಬೇಕೆಂದೂ, ಅದನ್ನು ತಪ್ಪಿತಸ್ಥರಿಂದಲೇ ವಸೂಲು ಮಾಡಬೇಕೆಂದೂ ಆ ಕಾನೂನಿನಲ್ಲಿ ವಿಧಿಸಲಾಯಿತು.

20 ರೂಪಾಯಿ ದೊಡ್ಡ ಮೊತ್ತವಲ್ಲ, ಅದು ಒಂದು ದಿನದ ಕೂಲಿಗೆ ಯಾವ ರೀತಿಯಲ್ಲೂ ಸಮವಲ್ಲ. ಆದರೆ ಅದರ ಹಿಂದಿರುವ ತತ್ತ್ವ ದೊಡ್ಡದು. ಕಾದು ನಿಂತವನ ಹೊತ್ತಿಗೂ ಬೆಲೆಯುಂಟು, ಅದನ್ನು ಕಳೆದವನು ತೆರಬೇಕು ಎಂಬುದನ್ನು ರಾಜ್ಯವೇ ಒಪ್ಪಿಕೊಂಡಂತಾಯಿತು.

ನಾವು ಹೇಳಿದ ಆ ವೃದ್ಧರು ಆ ದಿನ ನಮ್ಮಲ್ಲಿ ಒಂದು ಬೇಡಿಕೆ ಇಟ್ಟರು. “ಬುದ್ಧೀ, ತಾವು ಒಂದು ಫೋನು ಮಾಡಿ ಒಂದು ಮಾತು ಹೇಳ್ಬಿಟ್ರೆ ಸಾಕು, ನಾಳೆನೇ ಆಯ್ತದೆ” ಎಂದರು. ಇಂಥ ಬೇಡಿಕೆ ಮಠಕ್ಕೆ ದಿನಂಪ್ರತಿ ಬರುತ್ತದೆ. ಮಠದ ಮಾತಿಗೆ ಬೆಲೆ ಕೊಡುವ ಅಧಿಕಾರಿಗಳೂ ಇದ್ದಾರೆ. ಒಂದು ಮಾತು ಹೇಳಿದ್ದರೆ ಅವರ ಕೆಲಸ ಆಗುತ್ತಿತ್ತೇನೋ. ನಾವು ಹೇಳಲಿಲ್ಲ. “ಯಜಮಾನರೇ, ನಿಮ್ಮ ಮುಂದೆ ಇನ್ನೂ ಹತ್ತು ಜನ ಕಾದಿರುತ್ತಾರಲ್ಲ, ಅವರಿಗೆ ಫೋನು ಮಾಡುವ ಸ್ವಾಮಿಗಳು ಯಾರು?” ಎಂದು ಕೇಳಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅದೂ ನಿಜ ಬುದ್ಧಿ” ಎಂದರು. ಅರ್ಜಿ ಕೊಟ್ಟದ್ದಕ್ಕೆ ಚೀಟಿ ಇದೆಯೇ ಎಂದು ವಿಚಾರಿಸಿದರೆ, ಇರಲಿಲ್ಲ. ಏಳು ಸಲವೂ ಬಾಯಿಮಾತಿನಲ್ಲೇ ಹೋಗಿತ್ತು. ಅವರ ಊರಿನ ಓದಿದ ಹುಡುಗನೊಬ್ಬನನ್ನು ಕರೆದು, ಇವರ ಅರ್ಜಿಯನ್ನು ಕ್ರಮವಾಗಿ ಬರೆದು ಕೊಟ್ಟು ಚೀಟಿ ಪಡೆದು ಬಾ ಎಂದು ಹೇಳಿ ಕಳುಹಿಸಿದೆವು. ಚೀಟಿ ಬಂತು. ಅವಧಿಯೊಳಗೆ ಖಾತೆಯೂ ಆಯಿತು. ಯಾರ ಕೃಪೆಯೂ ಇಲ್ಲದೆ, ಸರದಿಯಲ್ಲೇ ಆಯಿತು ಎಂಬುದು ನಮಗೆ ಹೆಚ್ಚು ಸಂತೋಷ ತಂದ ಸಂಗತಿ.

ಶಿಫಾರಸು ಎಂಬುದು ದಯೆಯಂತೆ ಕಾಣುತ್ತದೆ. ನಿಜವಾಗಿ ಅದು ಒಬ್ಬನ ಹೊತ್ತನ್ನು ಉಳಿಸಲು ಹತ್ತು ಜನರ ಹೊತ್ತನ್ನು ಕದಿಯುವ ಕೆಲಸ. ಇದನ್ನು ಭಕ್ತರು ಮನಸ್ಸಿಗೆ ತಂದುಕೊಳ್ಳಬೇಕು. ಕಚೇರಿಗೆ ಹೋಗುವಾಗ ಬೇಕಾದ ಕಾಗದಗಳನ್ನೆಲ್ಲ ಜೋಡಿಸಿಕೊಂಡು ಹೋಗಿರಿ. ಗೊತ್ತಿಲ್ಲದಿದ್ದರೆ ಓದಿದ ಮಕ್ಕಳನ್ನು ಕೇಳಿರಿ. ಕೊಟ್ಟ ಅರ್ಜಿಗೆ ಚೀಟಿ ಪಡೆಯದೆ ಹಿಂದಿರುಗಬೇಡಿರಿ. ಚೀಟಿ ಕೇಳುವುದು ಜಗಳವಲ್ಲ, ಅದು ನಿಮ್ಮ ಹಕ್ಕು. ಸರದಿ ತಪ್ಪಿಸಲು ಕೈಬಿಸಿ ಮಾಡಬೇಡಿರಿ. ಕೊಡುವವನು ಇರುವವರೆಗೆ ಬೇಡುವವನು ಇರುತ್ತಾನೆ.

ನೌಕರಿಯಲ್ಲಿರುವ ಮಕ್ಕಳಿಗೂ ನಾಲ್ಕು ಹಿತವಚನಗಳನ್ನು ಹೇಳುತ್ತೇವೆ. ಕಚೇರಿಯ ಹೊತ್ತಿಗಿಂತ ಕಾಲು ಗಂಟೆ ಮುಂಚೆ ಕುರ್ಚಿಯಲ್ಲಿರಿ. ದೂರದ ಹಳ್ಳಿಯಿಂದ ಬಂದವರನ್ನೂ, ಮುದುಕರನ್ನೂ, ಕೈಗೂಸಿನ ತಾಯಂದಿರನ್ನೂ ಮೊದಲು ಕಳುಹಿಸಿಕೊಡಿ. ಅವರಿಗೆ ಹಿಂದಿರುಗುವ ಬಸ್ಸು ಒಂದೇ ಇದ್ದೀತು. ಒಂದು ಕಾಗದವನ್ನು ಕೈಗೆತ್ತಿಕೊಂಡರೆ ಅದರ ಬಗ್ಗೆ ಏನಾದರೊಂದು ತೀರ್ಮಾನ ಬರೆದೇ ಕೆಳಗಿಡಿ. ಇಂದು ನೋಡಿ ಇಟ್ಟು, ನಾಳೆ ಮತ್ತೆ ನೋಡಿ ಇಟ್ಟು, ನಾಲ್ಕು ಸಲ ಮುಟ್ಟುವುದರಲ್ಲೇ ಅರ್ಧ ಆಯುಷ್ಯ ಹೋಗುತ್ತದೆ. ಏನೇನು ಕೊರತೆ ಇದೆಯೋ ಎಲ್ಲವನ್ನೂ ಒಂದೇ ಸಲ ಚೀಟಿಯಲ್ಲಿ ಬರೆದು ಕೊಡಿ. ಮೊದಲ ದಿನ ಒಂದು ದಾಖಲೆ, ಎರಡನೆಯ ದಿನ ಇನ್ನೊಂದು ದಾಖಲೆ ಎಂದು ಕೇಳಬೇಡಿ. ಸಭೆಗೋ ರಜೆಗೋ ಹೋಗಬೇಕಾದರೆ ಎಷ್ಟು ಹೊತ್ತಿಗೆ ಬರುವಿರಿ, ಅಲ್ಲಿಯವರೆಗೆ ಯಾರನ್ನು ಕಾಣಬೇಕು ಎಂದು ಬಾಗಿಲ ಬಳಿ ಬರೆದಿಟ್ಟು ಹೋಗಿ. ‘ನಾಳೆ ಬಾ’ ಎಂದು ಬರೆಯುವ ಜಾಗದಲ್ಲಿ ಇಷ್ಟು ಬರೆದರೆ ಸಾಕು. ಸಂಜೆ ಏಳುವ ಮುನ್ನ ಉಳಿದ ಕೆಲಸಗಳ ಪಟ್ಟಿ ಮಾಡಿ ಮೇಜಿನ ಮೇಲಿಡಿ. ಮರುದಿನ ಎಲ್ಲಿಂದ ಮೊದಲು ಮಾಡಬೇಕೆಂದು ತಡಕಾಡುವ ಹೊತ್ತು ಉಳಿಯುತ್ತದೆ.

ಇಂಥ ಶಿಸ್ತನ್ನು ನೋಡಲು ದೂರ ಹೋಗಬೇಕಾಗಿಲ್ಲ. 1980ರ ದಶಕದಿಂದ ಮೈರಾಡದಂಥ ಸಂಸ್ಥೆಗಳ ಆಸರೆಯಲ್ಲಿ ನಮ್ಮ ನಾಡಿನ ಹಳ್ಳಿಗಳಲ್ಲಿ ಬೆಳೆದ ಮಹಿಳಾ ಸ್ವಸಹಾಯ ಸಂಘಗಳನ್ನು ನೋಡಿರಿ. ವಾರಕ್ಕೊಮ್ಮೆ ಗೊತ್ತಾದ ದಿನ, ಗೊತ್ತಾದ ಹೊತ್ತಿಗೆ ಸೇರುತ್ತಾರೆ. ತಡವಾಗಿ ಬಂದವಳು ದಂಡ ಕಟ್ಟಬೇಕೆಂದು ತಾವೇ ನಿಯಮ ಮಾಡಿಕೊಂಡ ಸಂಘಗಳು ಎಷ್ಟೋ ಇವೆ. ಉಳಿತಾಯ ಎಷ್ಟು, ಸಾಲ ಯಾರಿಗೆ, ಮರುಪಾವತಿ ಬಂತೇ ಎಂಬುದನ್ನು ಅಂದೇ ಪುಸ್ತಕಕ್ಕೆ ಬರೆದು ಏಳುತ್ತಾರೆ. ಬೂದಿಕೋಟೆಯ ಹೆಣ್ಣುಮಕ್ಕಳು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಸಮುದಾಯ ಸಂಸ್ಥೆಗಳಿಗೆ ರೇಡಿಯೋ ನಡೆಸುವ ಪರವಾನಗಿ ಸಿಗುವಂತಾದದ್ದು 2006ರ ನೀತಿಯಿಂದ. ಅದಕ್ಕೂ ಮುಂಚೆ, 2003ರ ಸುಮಾರಿಗೆ, ಮೈರಾಡ ಮತ್ತು ವಾಯ್ಸಸ್ ಸಂಸ್ಥೆಗಳು ಯುನೆಸ್ಕೋ ನೆರವಿನಿಂದ ಬೂದಿಕೋಟೆಯಲ್ಲಿ ‘ನಮ್ಮ ಧ್ವನಿ’ ಎಂಬ ಕೇಂದ್ರವನ್ನು ನಡೆಸಿ, ಕೇಬಲ್ ತಂತಿಯ ಮೂಲಕ ಊರಿನ ಮಾತನ್ನು ಊರಿನ ಮನೆಗಳಿಗೇ ತಲುಪಿಸಿದವು. ಹಳ್ಳಿಯ ಸಂಘದ ತಾಯಂದಿರೂ ಯುವಕರೂ ಅಲ್ಲಿ ಕುಳಿತು ತಮ್ಮ ಊರಿನ ಸುದ್ದಿಯನ್ನು ತಾವೇ ಧ್ವನಿಮುದ್ರಿಸಿ ಕೇಳಿಸಿದರು. ಪ್ರಸಾರದ ಹೊತ್ತು ಬಂದಾಗ ಕಾರ್ಯಕ್ರಮ ಸಿದ್ಧವಿರಲೇಬೇಕು. ಕೇಳುವ ಮನೆಗಳಿಗೆ ‘ನಾಳೆ ಬಾ’ ಎನ್ನಲಾಗದು. ಹೆಚ್ಚು ಓದದ ಹೆಣ್ಣುಮಕ್ಕಳು ಮಾಡಿ ತೋರಿಸಿದ್ದನ್ನು ಪದವಿ ಪಡೆದವರು ಮಾಡಲಾರೆವೆಂದರೆ ಯಾರು ನಂಬಿಯಾರು?

ಧರ್ಮಪೀಠಗಳೂ ಸಭೆ ಸಮಾರಂಭಗಳೂ ಈ ಮಾತಿಗೆ ಹೊರತಲ್ಲ. ಆಹ್ವಾನ ಪತ್ರಿಕೆಯಲ್ಲಿ ಹತ್ತು ಗಂಟೆಗೆಂದು ಅಚ್ಚು ಹಾಕಿಸಿ, ಮಂತ್ರಿಗಳು ಬಂದಿಲ್ಲವೆಂದು ಹನ್ನೆರಡರವರೆಗೆ ಜನರನ್ನು ಶಾಮಿಯಾನದ ಕೆಳಗೆ ಬೇಯಿಸುವ ಪದ್ಧತಿ ನಾಡಿನಲ್ಲಿ ಬೆಳೆದಿದೆ. ಬಂದವರಲ್ಲಿ ಬಸುರಿ ಬಾಣಂತಿಯರಿರುತ್ತಾರೆ, ಹಾಲು ಕರೆಯಲು ಹಿಂದಿರುಗಬೇಕಾದವರಿರುತ್ತಾರೆ. ಗಣ್ಯರು ಬರಲಿ ಬಾರದಿರಲಿ, ಹೇಳಿದ ಹೊತ್ತಿಗೆ ಪ್ರಾರ್ಥನೆ ಮೊದಲಾಗಬೇಕು. ಮುಹೂರ್ತ ಮೀರಬಾರದೆಂದು ಪಂಚಾಂಗ ಹಿಡಿದು ಕೂರುವ ನಾವು ಭಕ್ತರ ಹೊತ್ತನ್ನು ಮಾತ್ರ ಮೀರಿಸಬಹುದೆಂದು ಯಾವ ಶಾಸ್ತ್ರದಲ್ಲೂ ಬರೆದಿಲ್ಲ.

ಹಿರಿಯರೇ, ನಿಮ್ಮ ಮನೆಯಿಂದ ಒಬ್ಬ ಮಗನೋ ಮೊಮ್ಮಗಳೋ ಯಾವುದಾದರೂ ಕಚೇರಿಯಲ್ಲಿ, ಶಾಲೆಯಲ್ಲಿ, ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ ದುಡಿಯುತ್ತಿರಬಹುದು. ರಜೆಗೆ ಊರಿಗೆ ಬಂದಾಗ ಸಂಬಳ ಎಷ್ಟಾಯಿತೆಂದು ಕೇಳುವುದರ ಜೊತೆಗೆ ಇನ್ನೊಂದು ಪ್ರಶ್ನೆಯನ್ನೂ ಕೇಳಿರಿ. ‘ಮಗಾ, ನಿನ್ನ ಹತ್ತಿರ ಬಂದವರು ಎಷ್ಟು ಸಲಕ್ಕೆ ಕೆಲಸ ಮುಗಿಸಿಕೊಂಡು ಹೋಗುತ್ತಾರೆ?’ ಎಂದು ಕೇಳಿರಿ. ನಿಮ್ಮ ಬಾಯಿಂದ ಬಂದ ಆ ಮಾತು ಯಾವ ಸುತ್ತೋಲೆಗಿಂತಲೂ ಆಳವಾಗಿ ನಾಟುತ್ತದೆ.

ದುಡಿಯುವ ಕೈಗಳಿಗೆ ಪರಶಿವನು ಬಲವನ್ನೂ, ಕಾದು ನಿಂತವರಿಗೆ ಬೇಗನೆ ಫಲವನ್ನೂ, ಕುರ್ಚಿಯಲ್ಲಿ ಕುಳಿತವರಿಗೆ ಎದುರಿಗೆ ನಿಂತವನಲ್ಲಿ ಜಂಗಮನನ್ನು ಕಾಣುವ ಕಣ್ಣನ್ನೂ ಕರುಣಿಸಲಿ ಎಂದು ಹಾರೈಸುತ್ತೇವೆ.

ಸರ್ವರಿಗೂ ಸನ್ಮಂಗಳವಾಗಲಿ.